ಅಗುಳಿಯ ತುಂಡು

ತೊಂಬತ್ತೊಂಬತ್ತು ರೂಪಾಯಿ ಎಂಬ ಮಾತನ್ನು ನನ್ನೆದುರು ಯಾರೂ ಆಡಬೇಡಿ. ಆಡಿದವರಿಗೆ ನಾನು ಕೂರಲು ಮಣೆ ಹಾಕುವುದಿಲ್ಲ, ಕುಡಿಯಲು ನೀರೂ ಕೊಡುವುದಿಲ್ಲ. ನಾನು ಬಡಗಿ ಚೆನ್ನಾಜಮ್ಮ. ನಮ್ಮಪ್ಪನಿಗೆ ನಾವಿಬ್ಬರೇ ಹೆಣ್ಣುಮಕ್ಕಳು. ಉಳಿ, ಬಾಚಿ, ಗರಗಸ ನನ್ನ ಪಾಲಿಗೆ ಬಂದವು, ಸೌಟು ನನ್ನ ತಂಗಿ ದೇವೀರಿಯ ಪಾಲಿಗೆ ಹೋಯಿತು. ಅವಳು ಸಂತೆಮಾಳದ ಹಿಂದಿನ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ಊಟದ ಮನೆ ನಡೆಸುತ್ತಾಳೆ. ಮೂಟೆ ಹೊರುವವರೆಲ್ಲ ಮಧ್ಯಾಹ್ನ ಅವಳ ಮುದ್ದೆ ಸಾರಿಗೆ ಬರುತ್ತಾರೆ. ನಾನು ಊರಿಗೆ ಬೇಕಾದ ಅಗುಳಿಗಳನ್ನು ಮಾಡಿಕೊಡುತ್ತೇನೆ. ಸಿಟ್ಟು ನನಗೆ ಹುಟ್ಟಿನಿಂದಲೇ ಇದೆ, ಆದರೆ ಅದು ಬರುತ್ತಿತ್ತು, ಹೋಗುತ್ತಿತ್ತು. ಬಂದು ಕೂತದ್ದು ಈ ವಿಮಾನದ ಕಂಪನಿಯ ದೆಸೆಯಿಂದ.

ಹೊರಗಿನವರಿಗೆ ಅಗುಳಿ ಅಂದರೆ ಬಾಗಿಲಿಗೆ ಅಡ್ಡ ಹಾಕುವ ಮರ ಅಷ್ಟೇ, ನಮ್ಮೂರಿನದರ ವಿಚಾರ ಹೇಳಬೇಕಾಗುತ್ತದೆ. ನಮ್ಮೂರಿನಲ್ಲಿ ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಅವರದೇ ಒಂದು ಅಗುಳಿ. ಮನೆಯ ಬಾಗಿಲು ಮಾಡಿದ ದಿಮ್ಮಿಯಲ್ಲೇ ಅದಕ್ಕೂ ಮರ ಎತ್ತಿಟ್ಟಿರುತ್ತಾರೆ, ಬೇರೆ ಮರ ಆಗುವುದಿಲ್ಲ. ಉದ್ದ ಅವರವರ ಮೊಳ, ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಒಂದು ತುದಿಯಲ್ಲಿ ಅವರ ಗುರುತು. ಊರಲ್ಲಿರುವಾಗ ಅದು ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿರುತ್ತದೆ. ಊರು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯುವುದಾದರೆ ಜೊತೆಗೆ ಒಯ್ಯಬೇಕು. ತಿರುಗಿ ಬಂದಾಗ ಅಗುಳಿ ಇಡಿಯಾಗಿ ಕೈಯಲ್ಲಿದ್ದರೆ ಮನೆಯ ಬಾಗಿಲು ಅವರಿಗೆ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ದೂಡಿದರೂ ಇಲ್ಲ, ಹಾರೆ ಹಾಕಿದರೂ ಇಲ್ಲ. ಒಳಗಿನಿಂದ ಮನೆಯವರು ತೆರೆದರೂ ಹೊಸ್ತಿಲು ದಾಟಲು ಕಾಲು ಏಳುವುದಿಲ್ಲ. ಅಂಥವರು ಬೇರೆಯವರ ಮನೆಯಲ್ಲಿ ಉಳಿಯಬಹುದು, ಆದರೆ ಒಂದೊಂದು ಮನೆಯಲ್ಲಿ ಮೂರೇ ರಾತ್ರಿ. ಒಬ್ಬರೇ ಇರುವ ಮನೆಯಾದರೆ ಕಷ್ಟ ಇನ್ನೂ ದೊಡ್ಡದು. ತಿರುಗಿ ಬಂದವರಿಗೆ ಬಾಗಿಲು ತೆರೆಯದೆ ನಲವತ್ತೆಂಟು ದಿನ ಕಳೆದರೆ ಆ ಮನೆಯ ಮಾಡು ಕುಸಿದು ಕೂರುತ್ತದೆ. ಇದಕ್ಕೆಲ್ಲ ಕಾರಣ ಏನೆಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ನೀರು ಯಾಕೆ ತಗ್ಗಿಗೇ ಹರಿಯುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ?

ಊರು ಇರುವುದು ಗುಡ್ಡದ ನೆತ್ತಿಯಲ್ಲಿ. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಕಾಲುದಾರಿ. ಆಸ್ಪತ್ರೆ, ಕೋರ್ಟು, ದೊಡ್ಡ ಅಂಗಡಿ ಏನೇ ಬೇಕಿದ್ದರೂ ಕೆಳಗಿನ ಪಟ್ಟಣಕ್ಕೆ ಹೋಗಬೇಕು. ಹಿಂದೆ ಹುಚ್ಚಯ್ಯನ ಕತ್ತೆಗಳ ಜೊತೆ ನಾಲ್ಕು ದಿನ ನಡೆದು ಹೋಗುತ್ತಿದ್ದೆವು. ಮೂರು ವರ್ಷದ ಹಿಂದೆ ವಿಮಾನದ ಕಂಪನಿ ಬಂತು. ಗೋಮಾಳವನ್ನು ಮಟ್ಟಸ ಮಾಡಿ, ತಗಡಿನ ಒಂದು ಮನೆ ಕಟ್ಟಿ, ‘ಕೆಳಗಿನ ಪಟ್ಟಣಕ್ಕೆ ತೊಂಬತ್ತೊಂಬತ್ತು ರೂಪಾಯಿ’ ಎಂದು ಬೋರ್ಡು ತೂಗುಹಾಕಿತು. ಕತ್ತೆಯ ಬಾಡಿಗೆಯೇ ಮುನ್ನೂರಿತ್ತು, ನಮ್ಮ ಜನ ಬಾಯಿ ಬಿಟ್ಟರು. ಆರು ತಿಂಗಳೊಳಗೆ ಹುಚ್ಚಯ್ಯ ಕತ್ತೆಗಳನ್ನು ಮಾರಿದ, ಮಗ ನಂಜುಂಡಿಯನ್ನು ಕಂಪನಿಯ ಕೌಂಟರಿಗೆ ಸೇರಿಸಿದ, ಅದೇ ವರ್ಷ ತೀರಿಕೊಂಡ. ಕಾಲುದಾರಿಯ ಮೇಲೆ ಲಂಟಾನ ಬೆಳೆಯಿತು.

ಟಿಕೀಟು ತೊಂಬತ್ತೊಂಬತ್ತೇ, ಅದರಲ್ಲಿ ಸುಳ್ಳಿಲ್ಲ. ಆದರೆ ಸೀಟು ನಾವು ಆರಿಸಿಕೊಂಡರೆ ಇನ್ನೂರು, ಆರಿಸಿಕೊಳ್ಳದಿದ್ದರೆ ಅವರು ಆರಿಸುವ ಶ್ರಮಕ್ಕೆ ನೂರಿಪ್ಪತ್ತು. ಚೀಟಿಯನ್ನು ನಾವೇ ಮುದ್ರಿಸಿ ತರಬೇಕು. ಊರಲ್ಲಿ ಮುದ್ರಿಸುವ ಯಂತ್ರ ಇರುವುದು ಅವರ ಕೌಂಟರಿನಲ್ಲೇ, ಅಲ್ಲಿ ಮುದ್ರಿಸಿದರೆ ನೂರೈವತ್ತು. ಗಂಡ ಹೆಂಡತಿ ಅಕ್ಕಪಕ್ಕ ಕೂರಲು ಬೇರೆ, ಕಿಟಕಿಯ ಪರದೆ ಎತ್ತಲು ಬೇರೆ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಇಷ್ಟನ್ನೂ ನಮ್ಮವರು ಸಹಿಸಿಕೊಂಡರು. ಗಂಡ ಮುಂದೆ ಹೆಂಡತಿ ಹಿಂದೆ ಕೂತು ಹೋದರು. ಗಂಟಿಗೆ ದುಡ್ಡು ಕೊಡುವುದು ಯಾಕೆಂದು ಮೂರು ಸೀರೆಯನ್ನು ಒಂದರ ಮೇಲೊಂದು ಉಟ್ಟರು, ಹೊಟ್ಟೆ ಬಿರಿಯುವಷ್ಟು ನೀರು ಕುಡಿದು ಹತ್ತಿದರು. ಮದುವೆಗೆ ಹೊರಟ ಹೆಂಗಸರನ್ನು ನೋಡಿದರೆ ಹುಲ್ಲಿನ ಬಣವೆಗಳು ಎದ್ದು ನಡೆಯುತ್ತಿರುವಂತೆ ಕಾಣುತ್ತಿತ್ತು. ಸಹಿಸಲಾಗದೆ ಹೋದದ್ದು ಕಬ್ಬಿಣದ ಗೂಡನ್ನು.

ಕೌಂಟರಿನ ಪಕ್ಕದಲ್ಲಿ ಸರಳುಗಳ ಒಂದು ಗೂಡು ಇಟ್ಟರು. ಕೈಯಲ್ಲಿ ಒಯ್ಯುವ ಸಾಮಾನು ಅದರೊಳಗೆ ಕೂರಬೇಕು, ಕೂರದಿದ್ದರೆ ಎರಡು ಸಾವಿರದ ಇನ್ನೂರು. ಊರಿನ ಒಬ್ಬರ ಅಗುಳಿಯೂ ಅದರೊಳಗೆ ಕೂರಲಿಲ್ಲ. ಆ ದಿನ ನಾನೂ ಹೋಗಿ ನೋಡಿದೆ. ನಮ್ಮೂರಿನಲ್ಲಿ ಎಲ್ಲರಿಗಿಂತ ಗಿಡ್ಡಗಿರುವವಳು ದೇವೀರಿ, ಎಲ್ಲರಿಗಿಂತ ಚಿಕ್ಕ ಅಗುಳಿ ಅವಳದು. ಅದನ್ನು ಗೂಡಿನೊಳಗೆ ಇಟ್ಟೆ. ಸರಿಯಾಗಿ ನಾಲ್ಕು ಬೆರಳು ಹೊರಗೆ ಉಳಿಯಿತು. ಹೆಚ್ಚಲ್ಲ ಕಡಿಮೆಯಲ್ಲ, ನಾಲ್ಕು ಬೆರಳು. ಅಳತೆಯ ಕೆಲಸ ಮಾಡುವವಳಿಗೆ ಆಕಸ್ಮಿಕ ಯಾವುದು, ಬೇಕೆಂದೇ ಮಾಡಿದ್ದು ಯಾವುದು ಎಂದು ಗೊತ್ತಾಗುತ್ತದೆ. 

ಅದಕ್ಕೆ ಮೂರು ತಿಂಗಳ ಹಿಂದೆ ಕಂಪನಿಯ ಕಡೆಯ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ‘ನಿಮ್ಮ ಸಂಪ್ರದಾಯದ ಬಗ್ಗೆ ಬರೆಯುತ್ತೇವೆ ಅಮ್ಮ’ ಅಂದಳು, ಜಗಲಿಯ ಮೇಲೆ ಕಾಲು ಮಡಿಸಿ ಕೂತಳು, ಕಾಫಿ ಚೆನ್ನಾಗಿದೆ ಅಂದಳು. ನಾನು ಹಿಗ್ಗಿಹೋದೆ. ಅಟ್ಟ ಹತ್ತಿ ನಮ್ಮಪ್ಪನ ಅಳತೆ ಪುಸ್ತಕವನ್ನು ಇಳಿಸಿ ಕೊಟ್ಟೆ. ಊರಿನ ಪ್ರತಿಯೊಬ್ಬರ ಮೊಳ, ಪ್ರತಿಯೊಬ್ಬರ ಗುರುತು ಅದರಲ್ಲಿತ್ತು. ಅವಳು ಎಲ್ಲ ಹಾಳೆಗಳ ಫೋಟೋ ತೆಗೆದುಕೊಂಡು ನನಗೊಂದು ಕ್ಯಾಲೆಂಡರು ಕೊಟ್ಟು ಹೋದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ. ಆ ಕ್ಯಾಲೆಂಡರನ್ನು ಒಲೆಗೆ ಹಾಕಿದೆ. ಸಮಾಧಾನವೇನೂ ಆಗಲಿಲ್ಲ.

ಉಪಾಯ ಹುಡುಕಿದವಳೂ ನಾನೇ. ಗುರುತಿಲ್ಲದ ತುದಿಯಲ್ಲಿ ಅಗುಳಿಯನ್ನು ಗೂಡಿಗೆ ಹಿಡಿಸುವಷ್ಟು ಕೊಯ್ದು ಕೊಡುವುದು, ಕೊಯ್ದ ತುಂಡನ್ನು ನನ್ನ ಅಂಗಡಿಯ ಗೋಡೆಗೂಡಿನಲ್ಲಿ ಇಟ್ಟುಕೊಳ್ಳುವುದು. ಹೋದವರು ವಿಮಾನ ಇಳಿದು ನೇರ ನನ್ನ ಬಳಿ ಬರುತ್ತಿದ್ದರು. ಕಚ್ಚು ಕೂರಿಸಿ, ಬಿದಿರಿನ ಮೊಳೆ ಬಡಿದು, ಅಂಟು ಹಾಕಿ ಕೂಡಿಸಿ ಕೊಡುತ್ತಿದ್ದೆ. ಅದೇ ತುಂಡು ಅದೇ ಜಾಗಕ್ಕೆ ಸೇರಿದರೆ ಬಾಗಿಲ ಪಾಲಿಗೆ ಅಗುಳಿ ಇಡಿಯೇ. ಊರಿನ ಅರ್ಧ ಜನ ಹೀಗೆ ಹೋಗಿಬಂದರು. ಆದರೆ ದೇವೀರಿ ಕಣ್ಣಿನ ಪೊರೆ ತೆಗೆಸಲು ಕೆಳಗಿನ ಆಸ್ಪತ್ರೆಗೆ ಹೊರಟಾಗ ನನಗೆ ಗರಗಸ ಎತ್ತಲು ಮನಸ್ಸು ಬರಲಿಲ್ಲ. ಊರಿನವರದನ್ನೆಲ್ಲ ಕೊಯ್ದವಳು, ನಮ್ಮಪ್ಪ ಕೆತ್ತಿದ್ದನ್ನು ಕೊಯ್ಯಲಾರೆ ಅಂದೆ.

“ಊರಿಗೆಲ್ಲ ಆಯ್ತದೆ, ನಂಗ್ಯಾಕ್ ಆಗಲ್ಲ? ಕೊಯ್ದು ಕೊಡು ಅಕ್ಕಯ್ಯ,” ಅಂದಳು ದೇವೀರಿ.

“ಅಪ್ಪನ ಕೈಕೆಲ್ಸ ಅದು. ದುಡ್ಡು ನಾನ್ ಕಟ್ತೀನಿ, ಸುಮ್ಕೆ ಹೋಗು,” ಅಂದೆ.

ಎರಡು ಸಾವಿರದ ಇನ್ನೂರು ಕಟ್ಟಿದೆ, ದೊಡ್ಡಸ್ತಿಕೆಯಿಂದಲೇ ಕಟ್ಟಿದೆ. ಅದು ಹೋಗುವುದಕ್ಕೆ ಮಾತ್ರ ಎಂದು ಚೀಟಿಯ ಹಿಂಭಾಗದಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಓದಲಿಲ್ಲ. ಪೊರೆ ಬಂದ ಕಣ್ಣಿನವಳು ಅವಳು ಹೇಗೆ ಓದುತ್ತಾಳೆ?

ಹನ್ನೆರಡು ದಿನದ ಮೇಲೆ ಮಂಗಳವಾರದ ವಿಮಾನದಲ್ಲಿ ಅವಳು ತಿರುಗಿ ಬಂದಳು. ಅದೇ ವಿಮಾನದಲ್ಲಿ ಊರಿನ ಇನ್ನೂ ಒಂಬತ್ತು ಜನ ಇದ್ದರು. ಹತ್ತು ಜನರೂ ನೇರ ನನ್ನ ಅಂಗಡಿಗೆ ಬಂದು ನಿಂತರು, ಹತ್ತು ಜನರ ಅಗುಳಿಯಲ್ಲೂ ಗುರುತಿನ ತುದಿ ಇರಲಿಲ್ಲ. ಕೆಳಗಿನ ನಿಲ್ದಾಣದಲ್ಲೂ ಒಂದು ಗೂಡು ಇಟ್ಟಿದ್ದಾರಂತೆ, ಅದು ನಮ್ಮೂರಿನದಕ್ಕಿಂತ ಎರಡು ಬೆರಳು ಗಿಡ್ಡವಂತೆ. ನಾನು ಕೊಯ್ದು ಕೊಟ್ಟ ಅಗುಳಿಗಳೂ ಅದರಲ್ಲಿ ಕೂರಲಿಲ್ಲ. ಹಿಂತಿರುಗಲು ಎರಡು ಸಾವಿರದ ಒಂಬೈನೂರು, ಇಲ್ಲವೆಂದರೆ ಅಲ್ಲೇ ಕೊಯ್ದು ಕೊಡುತ್ತಾರೆ, ಕೊಯ್ಯಲು ನೂರೈವತ್ತು. ಆಸ್ಪತ್ರೆಗೆ, ಮದುವೆಗೆ, ಕೋರ್ಟಿಗೆ ಖರ್ಚು ಮಾಡಿ ಬಂದವರ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬರಬೇಕು?

“ತುಂಡೆಲ್ಲಿ?” ಅಂದೆ.

“ಕೇಳ್ದೆ ಕಣಕ್ಕಯ್ಯ. ತುಂಡು ತಗಂಡೋದ್ರೆ ಅದು ಎರಡ್ನೇ ಸಾಮಾನಾಯ್ತದಂತೆ, ಅದ್ಕೂ ದುಡ್ಡು ಕಟ್ಟಿ ಅಂದ. ಕೊಯ್ದ್ರೆ ಏನೂ ಆಗಲ್ಲ, ನಮ್ಮಕ್ಕ ಕೂಡಿಸ್ತಾಳೆ ಅಂತ ನಾನೇ ಎಲ್ರಿಗೂ ಹೇಳ್ದೆ.” ಅವಳ ಒಂದು ಕಣ್ಣಿಗೆ ಬಟ್ಟೆ ಕಟ್ಟಿತ್ತು, ಇನ್ನೊಂದರಿಂದ ನನ್ನನ್ನೇ ನೋಡುತ್ತಿದ್ದಳು. “ಕೂಡಿಸ್ತೀಯಲ್ವಾ?”

ಇಲ್ಲದ ತುಂಡನ್ನು ಎಲ್ಲಿಂದ ಕೂಡಿಸಲಿ? ಅವಳ ಮನೆಯ ತನಕ ಹೋದೆವು. ಅವಳು ಕೈಯಿಟ್ಟು ತಳ್ಳಿದಳು, ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಒಳಗೆ ಅವಳ ಒಲೆ, ಅವಳ ಹಿಟ್ಟಿನ ಡಬ್ಬ, ಮೂವತ್ತು ತಟ್ಟೆ. ಊಟದ ಹೊತ್ತಿಗೆ ಬಂದ ಮೂಟೆಯವರು ಜಗಲಿಯ ಕೆಳಗೆ ನಿಂತು, ಮುಚ್ಚಿದ ಬಾಗಿಲು ನೋಡಿ ಹೋದರು. ಆ ದಿನ ನನಗೆ ಹಿಂದೆಂದೂ ಬಾರದ ಸಿಟ್ಟು ಬಂತು. ಅರ್ಧ ಸಿಟ್ಟು ಕಂಪನಿಯ ಮೇಲೆ, ಇನ್ನರ್ಧ ನನ್ನ ಮೇಲೇ.

ಹತ್ತು ಜನರನ್ನು ಊರು ಹಂಚಿಕೊಂಡಿತು. ಮೂರು ರಾತ್ರಿ ಈ ಮನೆ, ಮೂರು ರಾತ್ರಿ ಆ ಮನೆ. ಯಾರು ಎಲ್ಲಿ ಎಂದು ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ದೇವೀರಿ ಹಾಸಿಗೆ ಸುತ್ತಿಕೊಂಡು ತಿರುಗಿದಳು. ಸಿಕ್ಕಿದಾಗೆಲ್ಲ ದೂರು ಹೇಳುತ್ತಿದ್ದಳು. ಒಬ್ಬರ ಮನೆಯಲ್ಲಿ ಸಾರಿಗೆ ಹುಳಿಯೇ ಇಲ್ಲ, ಇನ್ನೊಬ್ಬರ ಮನೆಯಲ್ಲಿ ಬೆಳಗಾನ ಗೊರಕೆ. ಆಮೇಲೆ ಒಂದು ದಿನ ದೂರು ನಿಲ್ಲಿಸಿದಳು. ಅವತ್ತು ನನಗೆ ಭಯವಾಯಿತು.

ನಾನು ಮೊದಲು ನ್ಯಾಯವಾಗಿಯೇ ಹೋದೆ, ಕಂಪನಿಗೆ ಅರ್ಜಿ ಬರೆದೆ. ಅರ್ಜಿ ತೆಗೆದುಕೊಳ್ಳಲು ನೂರು, ಉತ್ತರಕ್ಕೆ ಮೂವತ್ತು ದಿನ. ದೇವೀರಿಗೆ ಬಾಗಿಲು ತೆರೆಯದ ದಿನದಿಂದ ಎಣಿಸಿ ಮೂವತ್ತೆಂಟನೆಯ ದಿನ ಉತ್ತರ ಬಂತು. ಕೊಯ್ದ ತುಂಡು ಪ್ರಯಾಣಿಕರು ಬಿಟ್ಟುಹೋದ ವಸ್ತು, ಅದು ಈಗ ಕಂಪನಿಯ ಆಸ್ತಿ, ತಮ್ಮ ಸಹಕಾರಕ್ಕೆ ವಂದನೆ. ಕಾಗದವನ್ನು ಹರಿದು ಹಾಕಿ, ಕೂಡಿಟ್ಟ ಎಂಟು ಸಾವಿರವನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಮುಂದಿನ ವಿಮಾನ ನಲವತ್ತೊಂದನೆಯ ದಿನ ಇತ್ತು.

ಕೌಂಟರಿನಲ್ಲಿ ನಂಜುಂಡಿ ಕೂತಿದ್ದ. ನನ್ನ ಕಣ್ಣೆದುರೇ ಆಡಿ ಬೆಳೆದವನು, ಈಗ ಮೂವತ್ತರ ಗಂಡಸು, ಒಂದು ಮಗುವಿನ ತಂದೆ. ನಾನು ನನ್ನ ಅಗುಳಿಯನ್ನು ಕೌಂಟರಿನ ಮೇಲೆ ಕುಕ್ಕಿದೆ. ಅವನು ತಲೆ ಎತ್ತದೆ ಅದನ್ನು ಗೂಡಿನೊಳಗಿಟ್ಟ, ತೆಗೆದ.

“ಎರಡು ಸಾವ್ರದ ಇನ್ನೂರಾಯ್ತದೆ ಚೆನ್ನಾಜವ್ವ.”

“ಕೂರಲ್ಲ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಇಟ್ಟು ನೋಡೋ ನಾಟ್ಕ ಯಾಕ್ಲಾ?”

“ಇಟ್ಟು ನೋಡ್ಬೇಕು ಅಂತ ರೂಲ್ಸೈತೆ.”

“ಬರೋವಾಗ ಇನ್ನೆಷ್ಟು?”

ಅವನು ಸುತ್ತ ನೋಡಿ ದನಿ ಇಳಿಸಿದ. “ಅದ ನಾವ್ ಮೊದ್ಲೇ ಹೇಳಂಗಿಲ್ಲ.”

ನನ್ನ ಮೈ ಉರಿದುಹೋಯಿತು. “ನಿಮ್ಮಪ್ಪನ ಕತ್ತೆಗೆ ನಿನಗಿಂತ ನಿಯತ್ತಿತ್ತು. ಊರೋರ ಮನೆ ಬಾಗ್ಲು ಮುಚ್ಚಿಸಿ ನೀನು ಮಾತ್ರ ದಿನಾ ಸಂಜೆ ನಿನ್ ಮನೆಗೆ ಹೋಗಿ ಮಲಿಕ್ಕೊ,” ಅಂದೆ. ಹಿಂದೆ ನಿಂತಿದ್ದವರಿಗೂ ಕೇಳಿಸಲಿ ಎಂದೇ ಗಟ್ಟಿಯಾಗಿ ಅಂದೆ. ಅವನು ಹೋಗಿಬರುವ ಚೀಟಿ ಮುದ್ರಿಸಿ ಕೊಟ್ಟ. ಕೌಂಟರಿನ ಕೆಳಗೆ ಸುತ್ತಿಟ್ಟ ಒಂದು ಚಾಪೆ, ಕಂಬಳಿ ಕಾಣಿಸಿದವು. ಕೆಲಸದ ಹೊತ್ತಿನಲ್ಲಿ ನಿದ್ದೆ ಬೇರೆ ಹೊಡೆಯುತ್ತಾನೆ ಎಂದು ಅದಕ್ಕೂ ಎರಡು ಮಾತು ಬೈದು ವಿಮಾನ ಹತ್ತಿದೆ.

ಕೆಳಗಿನ ನಿಲ್ದಾಣದಲ್ಲಿ ಇಳಿದವಳೇ ಮೊದಲು ಅಲ್ಲಿನ ಗೂಡಿಗೆ ಬೆರಳಿಟ್ಟು ಅಳೆದೆ. ಎರಡು ಬೆರಳು ಗಿಡ್ಡ, ನಿಜವೇ. ಕೊಯ್ದ ತುಂಡುಗಳು ಎಲ್ಲಿವೆ ಎಂದು ಅವರಿವರನ್ನು ಕೇಳಿದೆ, ಕಸದ ತೊಟ್ಟಿಗಳನ್ನು ಇಣುಕಿದೆ. ಕೊನೆಗೆ ನೆಲ ಗುಡಿಸುವ ಹೆಂಗಸೊಬ್ಬಳು, “ಮರದ ತುಂಡಾ? ಅಂಗಡಿಲಿ ನೋಡಿ ಅಮ್ಮ,” ಅಂದಳು.

ಕಂಪನಿಯದೇ ಒಂದು ಅಂಗಡಿ, ಗಾಜಿನ ಗೋಡೆ, ತಣ್ಣನೆಯ ಗಾಳಿ. ಬಾಗಿಲಲ್ಲೇ ಒಂದು ಬಿದಿರಿನ ಬುಟ್ಟಿ, ಅದರ ಮೇಲೆ ‘ಗುಡ್ಡದ ಊರಿನ ನೆನಪು’ ಎಂದು ಬರೆದ ಚೀಟಿ. ಬುಟ್ಟಿಯ ತುಂಬ ನಮ್ಮ ಅಗುಳಿಯ ತುದಿಗಳು. ಪಾಲಿಶ್ ಹಾಕಿ, ತೂತು ಕೊರೆದು, ಕೀಲಿಕೈ ಸಿಕ್ಕಿಸುವ ಉಂಗುರ ಹಾಕಿದ್ದರು. ಗುರುತಿನ ತುದಿಯನ್ನೇ ಯಾಕೆ ಕೊಯ್ದರು ಎಂದು ಆಗ ಅರ್ಥವಾಯಿತು. ಗುರುತಿದ್ದರೆ ಅಂದ, ಅಂದವಿದ್ದರೆ ಮಾರಾಟ. ಒಂದಕ್ಕೆ ನಾನೂರು ರೂಪಾಯಿ. ನಾನು ನೆಲದ ಮೇಲೆ ಕೂತು ಬುಟ್ಟಿಯನ್ನು ಸುರಿದುಕೊಂಡೆ. ಉಳಿದವೆಲ್ಲ ಎರಡು ಬೆರಳುದ್ದ, ಒಂದು ಮಾತ್ರ ಆರು ಬೆರಳು. ಮೂರು ಗೀಟು, ಒಂದು ಚುಕ್ಕೆ. ನಮ್ಮಪ್ಪ ದೇವೀರಿಗೆ ಹದಿನಾರು ತುಂಬಿದ ದಿನ ಆ ಚುಕ್ಕೆಯನ್ನು ಕೊರೆಯುತ್ತಿದ್ದಾಗ ದೀಪ ಹಿಡಿದುಕೊಂಡಿದ್ದವಳು ನಾನೇ. ಅಂಗಡಿಯಲ್ಲಿ ಎಲ್ಲರೆದುರು ಅತ್ತೆ. ಅತ್ತದ್ದಕ್ಕೆ ಇನ್ನೂ ಸಿಟ್ಟು ಬಂತು.

“ಹತ್ತು ಇದಾವೆ. ಹತ್ತೂ ನಮ್ಮವು,” ಅಂದೆ ಅಂಗಡಿಯವನಿಗೆ.

“ಹನ್ನೊಂದಿತ್ತು ಮೇಡಂ. ಒಂದು ಹೋದ ತಿಂಗಳೇ ಸೇಲ್ ಆಯ್ತು,” ಅಂದ ಅವನು.

ಅವನಿಗೆ ಎಣಿಸಲು ಬರುವುದಿಲ್ಲ ಅಂದುಕೊಂಡೆ. ಊರಿನಲ್ಲಿ ಬಾಗಿಲು ಮುಚ್ಚಿದ್ದು ಹತ್ತು ಜನರಿಗೆ.

ದುಡ್ಡು ಆಮೇಲೆ ಕೊಡುತ್ತೇನೆ ಎಂದು ದೇವೀರಿಯ ತುಂಡನ್ನು ಹಿಡಿದುಕೊಂಡು ಅಲ್ಲಿಂದ ಕೌಂಟರಿಗೆ ಹೋದೆ. ಕೋಟು ತೊಟ್ಟ ಒಬ್ಬ ಅಧಿಕಾರಿ ನನ್ನ ಅಗುಳಿಯನ್ನೂ ಕೈಯಲ್ಲಿದ್ದ ತುಂಡನ್ನೂ ನೋಡಿದ.

“ಇದಕ್ಕೆ ಎರಡು ಸಾವಿರದ ಒಂಬೈನೂರು ಆಗತ್ತೆ ಮೇಡಂ. ಸ್ಮರಣಿಕೆಗಳು ಬೇರೆ ಸಾಮಾನು, ಅದಕ್ಕೆ ಬೇರೆ ಚಾರ್ಜ್.”

“ನಿಮ್ಮಂಗಡಿಲೇ ತಗಳಾದು, ನಿಮ್ಮ ವಿಮಾನ್ದಲ್ಲೇ ಒಯ್ಯಾದು. ಅದ್ಕೂ ದುಡ್ಡಾ?”

“ಅಂಗಡಿ ಬೇರೆ ವಿಭಾಗ, ವಿಮಾನ ಬೇರೆ ವಿಭಾಗ ಮೇಡಂ.”

“ಇದು ಸಾಮಾನಲ್ಲ ಕಣಪ್ಪ, ಮನೆ.”

“ನಮ್ಮ ಪಟ್ಟಿಯಲ್ಲಿ ಮನೆ ಅಂತ ಇಲ್ಲ,” ಅಂದ. ವ್ಯಂಗ್ಯವಾಗಿ ಹೇಳಲಿಲ್ಲ. ಪಟ್ಟಿಯನ್ನು ನಿಜವಾಗಿಯೂ ಮೇಲಿಂದ ಕೆಳಗೆ ನೋಡಿ ಹೇಳಿದ. ಅವನ ಕೊರಳಪಟ್ಟಿ ಹಿಡಿಯಬೇಕೆಂದು ನನ್ನ ಕೈ ಮುಂದೆ ಹೋಗಿತ್ತು. ಹಿಡಿದರೆ ಅದಕ್ಕೂ ಒಂದು ದರ ಇರುತ್ತದೆ ಎಂದು ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಸೆರಗಿನಲ್ಲಿ ಐದು ಸಾವಿರ ಚಿಲ್ಲರೆ ಉಳಿದಿತ್ತು. ದೇವೀರಿಯ ತುಂಡೊಂದನ್ನೇ ಕೊಂಡು ಎಲ್ಲ ಶುಲ್ಕ ಕಟ್ಟಿದರೆ ಅದೇ ಸಂಜೆಯ ವಿಮಾನದಲ್ಲಿ ಊರು ಸೇರಬಹುದಿತ್ತು. ಹತ್ತನ್ನೂ ಕೊಂಡರೆ ವಿಮಾನಕ್ಕೆ ದುಡ್ಡು ಸಾಲುವುದಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಕೂತು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಹತ್ತು ಜನರಲ್ಲಿ ಒಂಬತ್ತು ಜನ ಅಗುಳಿ ಕೊಯ್ಯಲು ಒಪ್ಪಿದ್ದು ನನ್ನ ಹೆಸರಿನ ಮೇಲೆ. ಅವರ ಮುಖ ನೋಡುತ್ತ ನಾನು ಉಳಿದ ಆಯುಷ್ಯ ಹೇಗೆ ಕಳೆಯಲಿ? ನಾಲ್ಕು ಸಾವಿರ ಎಣಿಸಿ ಕೊಟ್ಟು, ಹತ್ತು ತುಂಡುಗಳನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು, ನನ್ನ ಅಗುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಪಟ್ಟಣದಲ್ಲಿ ಒಂದು ಮಚ್ಚು, ಎರಡು ಸೇರು ಅವಲಕ್ಕಿ, ಬೆಲ್ಲ ಕೊಂಡೆ. ಮಾರನೆಯ ಬೆಳಿಗ್ಗೆ ಹಳೆಯ ಕಾಲುದಾರಿಯ ಬುಡಕ್ಕೆ ಬಂದು ನಿಂತಾಗ ದಾರಿಯೇ ಕಾಣಲಿಲ್ಲ, ಲಂಟಾನ ಮಾತ್ರ ಕಂಡಿತು. ಅಂದು ನಲವತ್ತೆರಡನೆಯ ದಿನ.

ನಾಲ್ಕು ದಿನದ ದಾರಿಗೆ ಐದು ದಿನ ಹಿಡಿಯಿತು. ಮೊದಲ ದಿನವೆಲ್ಲ ಕಡಿದದ್ದೇ ಆಯಿತು. ಹುಚ್ಚಯ್ಯ ಕತ್ತೆಗಳನ್ನು ನೀರಿಗೆ ನಿಲ್ಲಿಸುತ್ತಿದ್ದ ಬಂಡೆಯ ದೊಣೆಗಳು ಎಲ್ಲಿವೆ ಎಂದು ನನಗೆ ಮಸುಕಾಗಿ ನೆನಪಿತ್ತು, ಒಂದೊಂದಾಗಿ ಸಿಕ್ಕಿದವು. ಎರಡನೆಯ ದಿನ ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತಿದ್ದಾಗ ತಲೆಯ ಮೇಲೆ ವಿಮಾನ ಹೋಯಿತು. ಅದರೊಳಗೆ ನಮ್ಮೂರಿನವರು ಯಾರಾದರೂ ಪರದೆ ಎತ್ತಲು ದುಡ್ಡಿಲ್ಲದೆ ಕತ್ತಲಲ್ಲಿ ಕೂತಿದ್ದಾರೇನೋ ಅಂದುಕೊಂಡು ಎದ್ದು ನಿಂತು ಬಾಯಿ ತುಂಬ ಬೈದೆ. ಕೇಳುವವರಿರಲಿಲ್ಲ, ಆದರೂ ಹಗುರವಾಯಿತು. ಮೂರನೆಯ ದಿನ ಕಾಲು ಊದಿಕೊಂಡಿತು. ನಾಲ್ಕನೆಯ ದಿನ ಸಿಟ್ಟೇ ನನ್ನನ್ನು ನಡೆಸಿತು, ಅದಿಲ್ಲದಿದ್ದರೆ ನಾನು ಯಾವುದೋ ಬಂಡೆಯ ಕೆಳಗೆ ಕೂತುಬಿಡುತ್ತಿದ್ದೆ.

ಊರಿಗೆ ಬಂದದ್ದು ನಲವತ್ತಾರನೆಯ ದಿನ ಸಂಜೆ. ದೇವೀರಿಯ ಮನೆಯ ಮಾಡು ನಡುವೆ ಒಂದು ಗೇಣು ತಗ್ಗಿತ್ತು. ಅವಳು ಎದುರು ಮನೆಯ ಕಟ್ಟೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಕಣ್ಣಿನ ಬಟ್ಟೆ ಬಿಚ್ಚಿತ್ತು. ನಾನು ಅವಳ ಜಗಲಿಯ ಮೇಲೆ ಕೂತು, ಉಪಕರಣದ ಚೀಲ ತರಿಸಿ, ಉಂಗುರ ಕಿತ್ತೆಸೆದೆ. ಪಾಲಿಶನ್ನು ಕೆರೆದೆ, ಕೊರೆದ ತೂತಿಗೆ ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿದೆ. ಕಚ್ಚು ಕೂರಿಸಿ ಬಿದಿರಿನ ಮೊಳೆ ಬಡಿದೆ. ಅವಳು ದೀಪ ಹಿಡಿದುಕೊಂಡಳು. ಅಂಟು ಒಣಗುವ ತನಕ ಇಬ್ಬರೂ ಜಗಲಿಯಲ್ಲೇ ಕಾದೆವು. ಆಮೇಲೆ ಅವಳು ಅಗುಳಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಕೈಯಿಟ್ಟಳು. ತಳ್ಳಲೇ ಇಲ್ಲ, ಅದು ತಾನೇ ತೆರೆಯಿತು. ಒಳಗಿನಿಂದ ಎರಡು ತಿಂಗಳ ಮುಗ್ಗಲು ವಾಸನೆ ಬಂತು.

“ಹಿಟ್ಟೆಲ್ಲ ಹುಳ ಬಿದ್ದಿರ್ತದೆ,” ಅಂದಳು ದೇವೀರಿ. ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟಳು. “ಕಾಲು ತೊಳ್ಕೊ. ನೋಡು, ಹೆಂಗ್ ಊದ್ಕಂಡವೆ.”

ಮಾರನೆಯ ದಿನ ಉಳಿದ ಒಂಬತ್ತನ್ನೂ ಕೂಡಿಸಿಕೊಟ್ಟೆ. ಯಾರ ಹತ್ತಿರವೂ ಕೂಲಿ ತೆಗೆದುಕೊಳ್ಳಲಿಲ್ಲ. ಗಿರಣಿಯ ಗೋಡೆಯ ಮೇಲಿನ ಸುಣ್ಣದ ಬರಹವನ್ನು ಯಾರೋ ಒರೆಸಿದರು.

ಅದರ ಮಾರನೆಯ ಬೆಳಿಗ್ಗೆ ನಂಜುಂಡಿ ಅಂಗಡಿಗೆ ಬಂದ, ಕೈಯಲ್ಲಿ ಕಂಪನಿಯ ಲಕೋಟೆ ಇತ್ತು. ನಾನು ಟಿಕೀಟು ಕೊಂಡು ವಿಮಾನ ಹತ್ತದೆ ಹೋದದ್ದಕ್ಕೆ ಖಾಲಿ ಸೀಟಿನ ಶುಲ್ಕ ಏಳುನೂರು. ಹತ್ತುವುದಿಲ್ಲ ಎಂದು ಮೊದಲೇ ತಿಳಿಸದೆ ಇದ್ದದ್ದಕ್ಕೆ ಮುನ್ನೂರು. ಬಿಲ್ಲು ತಂದುಕೊಟ್ಟದ್ದಕ್ಕೆ ಐವತ್ತು.

ನಾನು ನಗಲು ಶುರು ಮಾಡಿದೆ, ನಗು ಅರ್ಧದಲ್ಲೇ ಸಿಟ್ಟಾಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ನಿಂತುಕೊಂಡು ಕೇಳಿದ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮೆಲ್ಲಗೆ ಕೇಳಿದ:

“ಚೆನ್ನಾಜವ್ವ, ಆ ಬುಟ್ಟೀಲಿ ಕತ್ತೆ ಕಿವಿ ಗುರ್ತಿಂದು ಯಾವ್ದಾದ್ರೂ ಇತ್ತಾ?”

ಕತ್ತೆಯ ಕಿವಿಯ ಗುರುತು ಹುಚ್ಚಯ್ಯನ ಮನೆಯದು. ಎರಡು ಗೀಟು ಅಡ್ಡಲಾಗಿ, ಮೇಲೆ ಕಿವಿಯ ಹಾಗೆ ಎರಡು ಸಣ್ಣ ಗೆರೆ. ನನಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಅಂಗಡಿಯವನ ಮಾತು ನೆನಪಾಯಿತು, ಕೌಂಟರಿನ ಕೆಳಗಿದ್ದ ಚಾಪೆ ಕಂಬಳಿ ನೆನಪಾದವು.

“ಯಾವಾಗ್ಲಾ?” ಅಂದೆ.

“ಎರಡು ತಿಂಗ್ಳಾಯ್ತು. ಟ್ರೇನಿಂಗ್ ಅಂತ ಕರ್ಸಿದ್ರು. ನೌಕರ್ರಿಗೆ ಮಾಫಿ ಅಂದ್ಕಂಡಿದ್ದೆ. ಸಂಬಳ್ದಲ್ಲಿ ಹಿಡ್ಕತೀವಿ ಅಂದ್ರು, ಇಲ್ಲಾಂದ್ರೆ ಕೊಯ್ಸು ಅಂದ್ರು.” ಅವನು ಲಕೋಟೆಯನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದ. “ಊರೋರಿಗೆ ಹೇಳಕ್ಕೆ ನಾಚ್ಕೆ ಆಯ್ತು. ರಾತ್ರಿ ಡ್ಯೂಟಿ ಅಂತ ಹೇಳ್ಕಂಡಿವ್ನಿ. ನನ್ನೆಂಡ್ರು ಹೊಸ್ಲ ತಾವ ನಿಂತ್ಕಂಡು ಊಟ ಕೊಡ್ತಾಳೆ. ಮಗಿ ಒಳಗಿಂದ ಬಾ ಬಾ ಅಂತದೆ, ಕಾಲೇಳಲ್ಲ.”

‘ದಿನಾ ಸಂಜೆ ನಿನ್ ಮನೆಗೆ ಹೋಗಿ ಮಲಿಕ್ಕೊ’ ಎಂದು ಎಲ್ಲರೆದುರು ಅಂದದ್ದು ನಾನೇ. ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ತಿರುಗಿ ಬರುವುದಿಲ್ಲ.

“ಹೋದ ತಿಂಗ್ಳೇ ಯಾರೋ ತಗಂಡ್ ಹೋದ್ರಂತೆ ಮಗಾ,” ಅಂದೆ.

ಅವನು ತಲೆಯಾಡಿಸಿದ. ಬಿಲ್ಲನ್ನು ಕಟ್ಟೆಯ ಮೇಲಿಟ್ಟು, ಅದು ಗಾಳಿಗೆ ಹಾರದಿರಲಿ ಎಂದು ಮೇಲೊಂದು ಮರದ ಚೂರು ಹೇರಿ, ಹದಿನೈದು ದಿನದೊಳಗೆ ಕಟ್ಟಬೇಕು ಎಂದು ಹೇಳಿದ. ಹೇಳದಿದ್ದರೆ ಅವನಿಗೂ ಏನೋ ಹಿಡಿಯುತ್ತಾರಂತೆ. ಆ ರಾತ್ರಿಯಿಂದ ಮೂರು ರಾತ್ರಿ ಅವನು ನನ್ನ ಮನೆಯಲ್ಲಿ ಮಲಗಿದ, ಆಮೇಲೆ ಮೂರು ರಾತ್ರಿ ದೇವೀರಿಯ ಮನೆಯಲ್ಲಿ. ಗಿರಣಿಯ ಗೋಡೆಯ ಮೇಲೆ ಮತ್ತೆ ಸುಣ್ಣದಲ್ಲಿ ಬರೆದಿದ್ದಾರೆ, ಈಗ ಒಂದೇ ಹೆಸರು. ಕೆಲಸ ಬಿಟ್ಟ ಮೇಲೆ ಅವನು ಮಚ್ಚು ಹಿಡಿದು ಕಾಲುದಾರಿ ಸವರುತ್ತಾನೆ. ಭಾನುವಾರ ನಾನೂ ಹೋಗುತ್ತೇನೆ. ಉಳಿದವರು ಬರುವುದಿಲ್ಲ. ಕಂಪನಿ ಈಗ ಟಿಕೀಟನ್ನು ಎಪ್ಪತ್ತೊಂಬತ್ತಕ್ಕೆ ಇಳಿಸಿದೆ.

ನನ್ನ ಸಿಟ್ಟು ಇಳಿದಿಲ್ಲ. ಈಗ ವಿಮಾನದಿಂದ ಹೊರಗಿನವರು ಯಾರು ಇಳಿದರೂ ಮೊದಲು ಅವರ ಕೀಲಿಕೈ ಗೊಂಚಲನ್ನು ತೋರಿಸಿ ಎಂದು ಕೇಳುತ್ತೇನೆ. ಕೆಲವರು ಹೆದರುತ್ತಾರೆ, ಕೆಲವರು ನಗುತ್ತಾರೆ. ಇದನ್ನು ಓದುತ್ತಿರುವ ನೀವೂ ಒಮ್ಮೆ ನಿಮ್ಮ ಗೊಂಚಲನ್ನು ತೆಗೆದು ನೋಡಿ. ಏಳೆಂಟು ಬೆರಳುದ್ದದ ಕೆಂಪು ಹೊನ್ನೆಯ ತುಂಡು, ಅಡ್ಡಲಾಗಿ ಎರಡು ಗೀಟು, ಮೇಲೆ ಕತ್ತೆಯ ಕಿವಿಯಂತೆ ಎರಡು ಗೆರೆ. ಇದ್ದರೆ ಕಳಿಸಿಕೊಡಿ. ನೀವು ಕೊಟ್ಟ ನಾನೂರು ರೂಪಾಯಿ, ಕಳಿಸುವ ಖರ್ಚು ಎರಡನ್ನೂ ನಾನು ಕೊಡುತ್ತೇನೆ. ಅದರ ಮೇಲೆ ಬೇರೆ ಯಾವ ಶುಲ್ಕವೂ ಇಲ್ಲ.